ನೂಡಲ್‌ಗೆ ಎಳನೀರು

ಸಿಡ್ನಿಯ ನಲ್ಲಿ ನೀರನ್ನು ಕುದಿಸದೆ ಬಾಯಿಗೆ ಹಾಕಬಾರದು ಎಂಬುದು ಚೆನ್ನುವಿನ ಗಟ್ಟಿ ನಂಬಿಕೆ. ಗಂಡ ಕರುಣಾಕರ ಮತ್ತು ಪುಟ್ಟ ಮಗಳ ಜೊತೆ ಅವಳು ಕಾಪುವಿನಿಂದ ಬಂದಿಳಿದ ವರ್ಷ ನಗರದ ನೀರಿನಲ್ಲಿ ಏನೋ ಸೂಕ್ಷ್ಮಜೀವಿ ಸೇರಿದೆ, ಕುದಿಸಿ ಕುಡಿಯಿರಿ ಎಂದು ಟೀವಿಯಲ್ಲಿ ಸಾರಿದ್ದರು. ಕೆಲವು ವಾರಗಳಲ್ಲಿ ಸರಕಾರ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಚೆನ್ನು ತೆಗೆದುಕೊಳ್ಳಲಿಲ್ಲ. ಪ್ಯಾರಮಟ್ಟಾದ ಅವರ ಫ್ಲ್ಯಾಟಿನ ಒಲೆಯ ಮೇಲೆ ವರ್ಷಗಟ್ಟಲೆ ನೀರಿನ ಪಾತ್ರೆ ಕೂತೇ ಇತ್ತು. ಬಸ್ ಓಡಿಸುವ ಕರುಣಾಕರ ಡ್ಯೂಟಿ ಮುಗಿಸಿ ದಣಿದು ಬಂದು ನಲ್ಲಿಗೆ ಲೋಟ ಹಿಡಿದರೆ ಅವಳು ಅಡ್ಡ ಬಂದು ನಿಲ್ಲುತ್ತಿದ್ದಳು.

ಮಗಳು ಅಪೇಕ್ಷಾ ಓದಲು ಮೆಲ್ಬರ್ನ್‌ಗೆ ಹೋದ ಮೇಲೂ ಇದು ತಪ್ಪಲಿಲ್ಲ. ಪ್ರತಿ ಫೋನೂ ಶುರುವಾಗುವುದು ಒಂದೇ ಮಾತಿನಿಂದ: "ನೀರು ಕುದಿಸಿ ಕುಡೀತೀಯಾ?"

"ಯೆಸ್ ಅಮ್ಮಾ."

ಆದರೆ ಅಪೇಕ್ಷಾ ಹೋಗುವಾಗ ಬಿಟ್ಟುಹೋದದ್ದು ಖಾಲಿ ರೂಮು ಮಾತ್ರ ಅಲ್ಲ. ಅದರ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಒಂದು ಹೆಬ್ಬಾವು. ಹೈಸ್ಕೂಲಿನಲ್ಲಿ ಒಬ್ಬ ಗೆಳತಿಯೂ ಸಿಗದೆ ಹುಡುಗಿ ಮಾತು ಕಳೆದುಕೊಂಡಿದ್ದ ಕಾಲದಲ್ಲಿ ಹಟ ಹಿಡಿದು, ಲೈಸೆನ್ಸ್ ಮಾಡಿಸಿ ತಂದದ್ದು. ಹೆಸರು ನೂಡಲ್. ಮೆಲ್ಬರ್ನಿನ ರೆಂಟಿನ ಕೋಣೆಯಲ್ಲಿ ಪ್ರಾಣಿ ಸಾಕುವಂತಿಲ್ಲ. ಹಾಗಾಗಿ ನೂಡಲ್ ತಾಯಿಯ ಪಾಲಿಗೆ ಬಂತು.

ನಾಗಬನದ ಮುಂದೆ ಚಪ್ಪಲಿ ಕಳಚಿ ಬೆಳೆದ ಹೆಂಗಸು ಹಾವನ್ನು ನೂಡಲ್ ಎಂದು ಕರೆಯುವುದುಂಟೇ? ಚೆನ್ನು ಅದನ್ನು "ಅವರು" ಎನ್ನುತ್ತಿದ್ದಳು. ಅವರು ಮಲಗಿದ್ದಾರೆ. ಅವರಿಗೆ ಇವತ್ತು ಇಲಿ ಹಾಕಬೇಕು, ಹಾಕುವುದು ಮಾತ್ರ ನೀವು ಎಂದು ಗಂಡನಿಗೆ ಹೇಳುತ್ತಿದ್ದಳು.

"ಇದು ನಾಗ ಅಲ್ಲ ಮಾರಾಯ್ತಿ, ಹೆಬ್ಬಾವು. ಹೆಡೆಯೇ ಇಲ್ಲ," ಎಂದು ಕರುಣಾಕರ ನಗುತ್ತಿದ್ದ.

"ನಿಮ್ಮ ತಲೆಯಲ್ಲಿ ಕೂದಲಿಲ್ಲ, ಹಾಗಂತ ನೀವು ಮನುಷ್ಯ ಅಲ್ವಾ?"

ಅವಳ ನಿಜವಾದ ಸಂಕಟ ನೀರಿನದು. ಅಪೇಕ್ಷಾ ಬಟ್ಟಲಿಗೆ ನೇರ ನಲ್ಲಿ ನೀರನ್ನೇ ತುಂಬಿಸುತ್ತಿದ್ದಳು; ನಾವು ಕುಡಿಯುವ ನೀರು ಅದಕ್ಕೂ ಆಗುತ್ತದೆ ಎಂದು ಹೇಳಿಹೋಗಿದ್ದಳು. ಚೆನ್ನು ಮೂಗಿಗೆ ಹಿಡಿದು ನೋಡಿದರೆ ಈಜುಕೊಳದ ವಾಸನೆ. ತನಗೇ ಬೇಡವಾದದ್ದನ್ನು ಅವರಿಗೆ ಹೇಗೆ ಕೊಡುವುದು? ಊರಲ್ಲಿ ನಾಗನಿಗೆ ಹಾಲು, ಎಳನೀರು. ಹಾಲು ಕೊಡಬೇಡ ಎಂದು ಮಗಳು ಆಣೆ ಹಾಕಿಸಿಕೊಂಡಿದ್ದಳು. ಎಳನೀರಿನ ಬಗ್ಗೆ ಏನೂ ಹೇಳಿರಲಿಲ್ಲ. ಚೆನ್ನು ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಯಿಂದ ಎಳನೀರು ಹೊತ್ತು ತಂದಳು.

ಸ್ನಾನ ಮಾಡದೆ ಬಟ್ಟಲು ಮುಟ್ಟುವಂತಿಲ್ಲ ಎಂಬ ನಿಯಮವನ್ನೂ ತಾನೇ ಮಾಡಿಕೊಂಡಳು. ಮೀನು ಮಾಡಿದ ದಿನ ಪೆಟ್ಟಿಗೆಯ ಹತ್ತಿರವೂ ಸುಳಿಯುವಂತಿಲ್ಲ. ಕರಾವಳಿಯವರ ಮನೆಯಲ್ಲಿ ಮೀನಿಲ್ಲದ ದಿನ ಎಷ್ಟಿರುತ್ತದೆ? ಪೆಟ್ಟಿಗೆಯ ಬೆಚ್ಚನೆ ದೀಪದ ಕೆಳಗೆ ಎಳನೀರು ಹುಳಿಯಿತು, ಲೋಳೆಗಟ್ಟಿತು. ಅಷ್ಟು ಭಯಭಕ್ತಿಯ ನಡುವೆ ಪಾಪದ ಹಾವು ಬಾಯಾರಿ ಬಿದ್ದಿತ್ತು.

ಅದರ ಕಣ್ಣು ಮಬ್ಬಾಯಿತು. ಪೊರೆ ಬಿಡುವ ಹೊತ್ತು ಎಂದು ಚೆನ್ನು ಕೈಮುಗಿದಳು. ಆದರೆ ಪೊರೆ ಇಡಿಯಾಗಿ ಕಳಚಲಿಲ್ಲ. ಅಲ್ಲಲ್ಲಿ ಹರಿದು, ಒಣಗಿ, ಮೈಗೆ ಅಂಟಿಕೊಂಡಿತು. ಹಾವು ಅಲುಗಾಡದೆ ಬಿದ್ದುಕೊಂಡಿತು.

ಸತ್ತರೆ? ಊರಲ್ಲಿ ಸತ್ತ ನಾಗನಿಗೆ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡುತ್ತಾರೆ. ಇಲ್ಲಿ ಯಾರನ್ನು ಕರೆಯುವುದು? ದೋಷ ತನಗೆ ತಟ್ಟಲಿ, ಮಗಳಿಗೆ ತಟ್ಟಿದರೆ? ಇಷ್ಟೆಲ್ಲ ಯೋಚನೆಯ ಅಡಿಯಲ್ಲಿ ಇನ್ನೊಂದು ಹೆದರಿಕೆ ಇತ್ತು, ಅದೇ ದೊಡ್ಡದು: ಮಗಳಿಗೆ ಏನು ಹೇಳುವುದು?

ಬಂಗುಡೆ ಸಾರು ಒಲೆಯ ಮೇಲಿತ್ತು, ಕರುಣಾಕರ ಡ್ಯೂಟಿಯಲ್ಲಿದ್ದ. ಚೆನ್ನು ಫೋನ್ ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅಪೇಕ್ಷಾ ಪೂರ್ತಿ ಕೇಳಿಸಿಕೊಂಡು ಹೇಳಿದಳು. "ಎಳನೀರು? ಅಮ್ಮಾ, ಟ್ಯಾಪ್ ವಾಟರ್ ಈಸ್ ಫೈನ್. ವಾಸನೆ ಬೇಡ ಅಂದ್ರೆ ಒಂದು ದಿನ ತೆರೆದಿಡು ಅಷ್ಟೆ. ಬಟ್ಟಲು ಡೈಲಿ ತೊಳೀಬೇಕು." ಅವಳ ಸ್ವರ ಒಡೆಯಿತು. "ನಿಂಗೆ ಕಷ್ಟ ಆದ್ರೆ ಅಲ್ಲೇ ಸಿಡ್ನಿಯ ಲಿವರ್‌ಪೂಲಿನಲ್ಲಿ ಹಾವು ಸಾಕುವ ಒಬ್ಬರಿದ್ದಾರೆ. ಅವರಿಗೆ ಕೊಟ್ಟುಬಿಡೋಣ."

ಕೊಟ್ಟುಬಿಡೋಣ. ಚೆನ್ನು ಕಾಯುತ್ತಿದ್ದ ಮಾತೇ ಅದು. ಆದರೆ ಮುಚ್ಚಿದ ಬಾಗಿಲಿನ ಹಿಂದೆ ಮಗಳು ತನ್ನ ಹತ್ತಿರ ಹೇಳದ್ದನ್ನೆಲ್ಲ ಆ ಹಾವಿಗೆ ಹೇಳಿಕೊಳ್ಳುತ್ತಿದ್ದದ್ದು ಅವಳಿಗೆ ನೆನಪಾಯಿತು. ಆಗ ಹಾವಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಳು. ಈಗ ನಾಚಿಕೆಯಾಯಿತು. ತಾನು ಕೇಳಬೇಕಾದದ್ದನ್ನು ಕೇಳಿಸಿಕೊಂಡ ಜೀವ ಅದು.

"ಎಲ್ಲಿಗೂ ಬೇಡ," ಎಂದಳು. "ಎಂತ ಮಾಡ್ಬೇಕು ಹೇಳು."

"ಟಬ್ಬಲ್ಲಿ ಉಗುರುಬೆಚ್ಚಗೆ ನೀರು, ಸ್ವಲ್ಪವೇ. ಅದ್ರಲ್ಲಿ ಬಿಡು. ಫಸ್ಟ್ ಕೈ ಸೋಪ್ ಹಾಕಿ ತೊಳಿ. ಮೀನಿನ ವಾಸನೆ ಬಂದ್ರೆ ತಿನ್ನೋ ವಸ್ತು ಅಂದ್ಕೊಂಡು ಕಚ್ಚುತ್ತೆ."

ಸ್ನಾನವಿಲ್ಲ, ಮಡಿಯಿಲ್ಲ, ಒಲೆಯ ಮೇಲೆ ಮೀನು. ಚೆನ್ನು ಒಲೆ ಆರಿಸಿ ಕೈಯನ್ನು ಮೊಣಕೈವರೆಗೆ ತಿಕ್ಕಿದಳು. ಬಟ್ಟೆ ಒಗೆಯುವ ಟಬ್ಬಿಗೆ ನಲ್ಲಿಯಿಂದಲೇ ಬೆಚ್ಚನೆ ನೀರು ಹಿಡಿದಳು. ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟು ಪೆಟ್ಟಿಗೆಯ ಬಾಗಿಲು ಸರಿಸಿದಳು. ಬರೀ ನಾಗನ ಕಲ್ಲಿನಲ್ಲಿ ಮುಟ್ಟಿದ್ದನ್ನು ಜೀವಂತವಾಗಿ ಎರಡೂ ಕೈಯಲ್ಲಿ ಎತ್ತಿದಳು. ಅದು ಮೆಲ್ಲನೆ ಅವಳ ಮುಂಗೈಗೆ ಸುತ್ತಿಕೊಂಡಿತು.

ನೀರಿಗೆ ಬಿಟ್ಟಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಾವು ಬಾಯಿಯನ್ನು ನೀರಿಗೆ ತಾಗಿಸಿತು. ಅದರ ಗಂಟಲು ಸಣ್ಣಗೆ ಏರಿ ಇಳಿಯಿತು, ಮತ್ತೆ ಏರಿ ಇಳಿಯಿತು.

"ಕುಡಿ ಮಗಾ," ಎಂದಳು ಚೆನ್ನು. "ಹೊಟ್ಟೆ ತುಂಬಾ ಕುಡಿ."

ನೆನೆದ ಪೊರೆಯನ್ನು ಅವಳು ಎಳೆಯಲಿಲ್ಲ. ಮಗಳು ಹೇಳಿದಂತೆ ಒದ್ದೆ ಟವೆಲು ಹಾಸಿಕೊಟ್ಟಳು; ಹಾವು ಅದರ ಮಡಿಕೆಯಲ್ಲಿ ನುಸುಳಿದಾಗ ಪೊರೆ ತಾನಾಗಿ ಬಿಟ್ಟುಬಂತು. ಕೆಳಗೆ ಹೊಸ ಮೈ ಹೊಳೆಯಿತು.

"ಅಮ್ಮಾ? ನೂಡಲ್ ಕುಡೀತಾ?"

"ಕುಡೀತು. ನಲ್ಲಿ ನೀರೇ ಕುಡೀತು."

ಫೋನಿನಲ್ಲಿ ನಗು, ಮೂಗು ಸೀಟಿದ ಸದ್ದು. ಮತ್ತೆ ಅಪೇಕ್ಷಾ ತಗ್ಗಿದ ದನಿಯಲ್ಲಿ ಹೇಳಿದಳು, "ಅಮ್ಮಾ, ನಾನು ಇಲ್ಲಿ ಒಂದು ದಿನವೂ ನೀರು ಕುದಿಸಿಲ್ಲ. ಸಾರಿ."

"ಗೊತ್ತುಂಟು ಮಾರಾಯ್ತಿ," ಎಂದಳು ಚೆನ್ನು. ಮತ್ತೆ ತೋಳಿಗೆ ಸುತ್ತಿಕೊಂಡಿದ್ದ ಹಾವಿನ ತಲೆಯನ್ನು ಒಂದು ಬೆರಳಿನಿಂದ ಸವರುತ್ತಾ ಅವಳು ಈ ಸಲ ಬೇರೆಯದನ್ನೇ ಕೇಳಿದಳು. "ಅಲ್ಲಿ ನಿಂಗೆ ಮಾತಾಡ್ಲಿಕ್ಕೆ ಯಾರಿದ್ದಾರೆ?"