ಮುಷ್ಟಿಯೊಳಗಿನ ಕುಸುರೆಳ್ಳು

ಬೆರಳು ಚುಚ್ಚಿ ಹನಿ ರಕ್ತ ಇಟ್ಟರೆ ಹಾಸಿಗೆ ಪಕ್ಕದಲ್ಲೇ ಸಕ್ಕರೆ ಎಷ್ಟೆಂದು ಹೇಳುವ ಪುಟ್ಟ ಯಂತ್ರ ನಮ್ಮ ಐಸಿಯುಗೆ ಬಂದಾಗ, ಲ್ಯಾಬಿನವರ ಕಾಲು ಹಿಡಿಯುವುದು ತಪ್ಪಿತೆಂದು ಹಿಗ್ಗಿದ್ದೆ. ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಹನಿ ಸಣ್ಣದಾದರೆ ಅದಕ್ಕೆ ಮುನಿಸು, ರಕ್ತ ಇಡುವ ಪಟ್ಟಿಗೆ ತೇವ ತಾಗಿದರೆ ಮುನಿಸು. ಮದುವೆಗೆ ಬಂದ ಬೀಗರಿಗೂ ಇಷ್ಟು ಉಪಚಾರ ಬೇಕಾಗಿರಲಿಲ್ಲ.

ಅದೊಂದು ಸಂಕ್ರಾಂತಿಯ ಸಂಜೆ. ನ್ಯುಮೋನಿಯಾ ಆಗಿ ಅರೆಪ್ರಜ್ಞೆಯಲ್ಲಿ ಮಲಗಿದ್ದ ದುರ್ಗದಬೈಲಿನ ಬಟ್ಟೆ ಅಂಗಡಿಯವರೊಬ್ಬರು ಮೊದಲೇ ಸಕ್ಕರೆ ಕಾಯಿಲೆಯವರು. ಬಿಗಿದ ಮುಷ್ಟಿಯಿಂದ ಒಂದು ಬೆರಳು ಬಿಡಿಸಿ, ಸ್ಪಿರಿಟ್ ಒರೆಸಿ ಚುಚ್ಚಿದೆ. ಯಂತ್ರ ಆಕಾಶ ಮುಟ್ಟುವ ಅಂಕಿ ತೋರಿಸಿತು. ಡಾಕ್ಟರು ಇನ್ಸುಲಿನ್ ಕೊಡಿ ಎಂದರು. ಸಿರಿಂಜ್ ಹಿಡಿದು ಬಂದು ತೋಳು ಸರಿಸಿದರೆ ಆ ಕೈ ನನ್ನ ಗ್ಲೌಸಿಗೆ ಅಂಟಿಕೊಂಡಿತು. ಮುಷ್ಟಿ ಬಿಡಿಸಿದೆ. ಒಳಗೆ ಬೆವರಿಗೆ ಕರಗಿದ ಕುಸುರೆಳ್ಳು. ಸಕ್ಕರೆ ಹೊದ್ದ ಎಳ್ಳು, ಬೆರಳಿಗೆ ಮೆತ್ತಿದ ಅಂಟು ಸ್ಪಿರಿಟ್ಟಿಗೆ ಹೋಗಿರಲಿಲ್ಲ; ಯಂತ್ರ ಇನ್ನೇನು ತೋರಿಸೀತು?

ಅವರ ಕೈ ತೊಳೆದು ಒರೆಸಿ ಮತ್ತೆ ಚುಚ್ಚಿದೆ. ಸಕ್ಕರೆ ಪಾತಾಳದಲ್ಲಿತ್ತು. ಆ ಇನ್ಸುಲಿನ್ ಕೊಟ್ಟಿದ್ದರೆ ಅವರು ಹಬ್ಬದ ದಿನವೇ ಹೋಗಿಬಿಡುತ್ತಿದ್ದರು. ಡಾಕ್ಟರು ಓಡಿ ಬಂದು ಗ್ಲೂಕೋಸ್ ಏರಿಸಿದರು. ನಾನು ಸಿಟ್ಟಿನಿಂದ ಬಾಗಿಲಿಗೆ ನಡೆದೆ.

ಅಂದು ನೋಡಲು ಬಂದಿದ್ದವರು ಕಮರಿಪೇಟೆಯ ಅವರ ಅಕ್ಕ ಒಬ್ಬರೇ. ಹೊರಗೆ ಬೆಂಚಿನ ಮೇಲೆ ಕೂತಿದ್ದರು.

"ಏನೂ ತಿನಿಸಬ್ಯಾಡ್ರಿ ಅಂತ ಎಷ್ಟ ಸಲ ಹೇಳೇನ್ರಿ ನಿಮಗ?"

"ತಿನಿಸಿಲ್ಲರಿ. ಬಾಯಾಗ ಹಾಕಬ್ಯಾಡ್ರಿ ಅಂದ್ರಿ, ಅದಕ್ಕ ಕೈಯಾಗ ಇಟ್ಟೇನಿ," ಎಂದರು, ನನಗೇ ತಿಳಿವಳಿಕೆ ಹೇಳುವವರ ಹಾಗೆ.

ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. "ಇವತ್ತ ಕೊಡಬೇಕಿತ್ತೇನ್ರಿ ಅದನ್ನ?"

"ಅಪ್ಪನ ಮನಿ ಪಾಲಾದಾಗಿಂದ ನಾವಿಬ್ರೂ ಮಾತ ಬಿಟ್ಟೇವ್ರಿ. ಎಳ್ಳು ಬೆಲ್ಲದ್ಹಂಗ ಇರೂಣು ಅನ್ನಾಕ ಇವತ್ತಲ್ಲದ ಮತ್ತ ಯಾವಾಗ್ರಿ? ಮುಂದಿನ ಸಂಕ್ರಾಂತಿಗೆ ಅಂವ ಇರ್ತಾನೋ ಇಲ್ಲೋ."

"ಇನ್ನಮ್ಯಾಲೆ ಕೈಯಾಗೂ ಇಡಬ್ಯಾಡ್ರಿ" ಎಂದಷ್ಟೇ ಹೇಳಿ ಒಳಗೆ ಬಂದೆ.

ಮರುದಿನ ಅಂಗಡಿಯವರಿಗೆ ಪೂರ್ತಿ ಎಚ್ಚರವಾಯಿತು. ಜೀವ ಉಳಿದದ್ದಕ್ಕೆ ಒಂದು ಒಳ್ಳೆಯ ಮಾತಾದರೂ ಆಡಿಯಾರೆಂದು ಹತ್ತಿರ ಹೋದೆ. ಅವರು ತಮ್ಮ ಖಾಲಿ ಅಂಗೈಯನ್ನೇ ಹೊರಳಿಸಿ ಹೊರಳಿಸಿ ನೋಡುತ್ತಿದ್ದರು.

"ನಮ್ಮಕ್ಕ ಕುಸುರೆಳ್ಳು ಕೊಟ್ಟಿದ್ಲರಿ. ಬಿಡಬಾರದಂತ ಗಟ್ಟಿ ಹಿಡಕೊಂಡಿದ್ದೆ. ಯಾರ ತೊಳದ್ರಿ ನನ್ನ ಕೈ?"