ದೋಣಿಗೊಂದು ಆಟೋ ಟಾಪು

ಹಡಗಲಿ ಕಡೆಯ ದಡದಿಂದ ನಾನು ಪಾಠ ಮಾಡುವ ಆಚೆ ದಡದ ಶಾಲೆಗೆ ನನ್ನನ್ನು ದಿನಾ ದಾಟಿಸುತ್ತಿದ್ದ ಅಂಬಿಗ, ಏನು ಕೇಳಿದರೂ ಮೊದಲು ಹುಟ್ಟನ್ನು ನೀರಿನಿಂದ ಎತ್ತುತ್ತಿದ್ದ. ಆಮೇಲೆ, "ತಡೀರಿ, ನೋಡಿ ಹೇಳ್ತೀನಿ" ಎನ್ನುತ್ತಿದ್ದ. ದೋಣಿಗೆ ನೆರಳು ಮಾಡಿಸು ಎಂದು ನಾನು ಬೇಸಿಗೆಯಿಡೀ ಪೀಡಿಸಿದಾಗಲೂ ಅದೇ ಉತ್ತರ.

ಒಂದು ಬೆಳಿಗ್ಗೆ ನೋಡಿದರೆ ದೋಣಿಯ ಮೇಲೆ ಆಟೋದ ಹಳೆಯ ಟಾಪು ಕೂತಿತ್ತು. ಗುಜರಿಯಿಂದ ತಂದು, ಹರಿದಲ್ಲಿ ಗೊಬ್ಬರದ ಚೀಲದ ತೇಪೆ ಹಾಕಿ, ಅದರ ಪೈಪುಗಳನ್ನು ದೋಣಿಯ ಅಂಚಿಗೆ ಹಗ್ಗದಿಂದ ಬಿಗಿದಿದ್ದ. ಗಾಳಿ ಹಿಡಿಯಬಾರದೆಂದು ತಗ್ಗಾಗಿಯೇ ಕಟ್ಟಿದ್ದ. ನಾನು ಬಗ್ಗಿ ಒಳಗೆ ಹೋಗಿ ಸುಖವಾಗಿ ಕೂತೆ.

ಅಷ್ಟರಲ್ಲಿ ಮಲ್ಲಿಗೆ ಮಾರುವ ಅಜ್ಜಿ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಬುಟ್ಟಿ ಹೊತ್ತು ಟಾಪಿನ ಕೆಳಗೆ ಕೂರುವಂತಿರಲಿಲ್ಲ.

"ಬುಟ್ಟಿ ಕೆಳಗಿಟ್ಟು ಕುಂದ್ರಬೇ," ಅಂದ ಅಂಬಿಗ.

"ದೇವರಿಗೆ ಏರೋ ಹೂವು. ಎಲ್ಲಾರೂ ಕಾಲಿಡೋ ಜಾಗದಾಗ ಹೆಂಗ ಇಡ್ಲೋ?"

ಅಜ್ಜಿ ಬುಟ್ಟಿ ಹೊತ್ತುಕೊಂಡೇ ಬಿಸಿಲಲ್ಲಿ ಕೂತಳು. ಅವನು ಹುಟ್ಟೆತ್ತಿದ. "ತಡಿಯಬೇ, ನೋಡಿ ಹೇಳ್ತೀನಿ."

ಮರುದಿನ ಟಾಪಿನ ಪೈಪಿನಿಂದ ಹಗ್ಗದ ನೆಲುವು ತೂಗಾಡುತ್ತಿತ್ತು, ಮನೆಯಲ್ಲಿ ಮೊಸರಿನ ಗಡಿಗೆ ಇಡುವಂಥದ್ದು. ಅಜ್ಜಿಯ ಬುಟ್ಟಿಯನ್ನು ಎರಡೂ ಕೈಯಲ್ಲಿ ಇಳಿಸಿಕೊಂಡು ಅದರಲ್ಲಿಟ್ಟ. ನೆರಳೆಲ್ಲ ಬುಟ್ಟಿಯ ಪಾಲಾಯಿತು. ಅಜ್ಜಿ ಬಿಸಿಲಲ್ಲೇ ಕಾಲು ಚಾಚಿ ಕೂತು, ಹೊಳೆಯ ಮೇಲಕ್ಕೂ ಕೆಳಕ್ಕೂ ಕುತ್ತಿಗೆ ತಿರುಗಿಸಿ ನೋಡಿದಳು. ಇಷ್ಟು ವರ್ಷ ಬುಟ್ಟಿ ಹೊತ್ತೇ ಹೊಳೆ ದಾಟಿದವಳು ಅದನ್ನು ನೋಡಿದ್ದು ಅವತ್ತೇ ಇರಬೇಕು.

ನಾನಿನ್ನೂ ನೆರಳಿನ ಮೂಲೆಯಲ್ಲಿ ಮುದುಡಿ ಕೂತಿದ್ದೆ. ಈ ಸಲ ಅಂಬಿಗ ಹುಟ್ಟನ್ನು ಎತ್ತಲಿಲ್ಲ.

"ಸರ್ರ, ಹೊರಗ ಬರ್ರಿ. ನಿಮ್ಮ ತಲಿ ಬಡಿದು ಹೂವು ನಲುಗ್ತಾವ."