ಅಂಜಿನಮ್ಮ ಭಾವನನ್ನು ಎಳೆದು ತಂದದ್ದು

ಅಂಜಿನಮ್ಮನ ಬಾಯಿಗೆ ಹೆದರದವರೇ ಊರಲ್ಲಿ ಇಲ್ಲ ಅಂತ ಈಗ ಎಲ್ಲರೂ ಹೇಳುತ್ತಾರೆ. ಹೇಳಲಿ. ಎಂಬತ್ಮೂರನೇ ಇಸವಿಯವರೆಗೆ ಆ ಹೆಂಗಸಿಗೆ ಬಾಯಿ ಇದೆ ಅನ್ನುವುದೇ ಹೊಸೂರಿನ ಹತ್ತಿರ, ಸಾನಮಾವು ಕಾಡಿನ ಅಂಚಿನ ಆ ಊರಿಗೆ ಗೊತ್ತಿರಲಿಲ್ಲ. ಗಂಡನ ಅಣ್ಣ ತಿಮ್ಮರಾಯಪ್ಪ ಜಗಲಿ ಮೇಲೆ ಕೂತಿದ್ದರೆ ಇವಳು ಹಿತ್ತಲ ಕಡೆಯಿಂದ ಸುತ್ತಿ ಒಳಗೆ ಬರುತ್ತಿದ್ದಳು. ಅವನೆದುರು ತಲೆಯೆತ್ತಿ ನಿಂತವಳಲ್ಲ. ಮಗ ಮರಿಸ್ವಾಮಿ ಕಣ್ಣೆದುರೇ ಹಾಳಾಗುತ್ತಿರುವುದನ್ನು ನೋಡಿ ನೋಡಿ ಅವಳಿಗೆ ಬಾಯಿ ಬಂತು.

ಮರಿಸ್ವಾಮಿಗೆ ಆಗ ಹದಿನಾರು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ, ಬೆಳಗಾದರೆ ಸಾರಾಯಿಗಾಗಿ ಕೈ ನಡುಗುತ್ತಿತ್ತು. ಕುಡಿಯದ ದಿನ ಮೂಲೆ ಹಿಡಿದು ಕೂರುತ್ತಿದ್ದ. ಕಣ್ಣು ಮುಚ್ಚಲು ಹೆದರುತ್ತಿದ್ದ. ಒಂದು ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ನಿಂತು ಕೆಳಗೆ ನೋಡುತ್ತಿದ್ದವನನ್ನು ಅಂಜಿನಮ್ಮನೇ ಅಂಗಿ ಹಿಡಿದು ಹಿಂದಕ್ಕೆ ಎಳೆದಿದ್ದಳು. ಊರವರು ಗಾಳಿ ಸೋಕಿದೆ ಅಂದರು. ತಾಯತ ಕಟ್ಟಿಸಿದ್ದಾಯಿತು, ಬೇವಿನ ಸೊಪ್ಪಿನಲ್ಲಿ ಹೊಡೆಸಿದ್ದಾಯಿತು. ಹೊಡೆಸಿಕೊಂಡು ಬಂದ ಸಂಜೆಯೇ ದೊಡ್ಡಪ್ಪ ತಿಮ್ಮರಾಯಪ್ಪ, "ಹುಡ್ಗ ಸೊರಗ್ಬುಟ್ಟವ್ನೆ," ಅಂತ ತನ್ನ ಗ್ಲಾಸಿನಿಂದಲೇ ಎರಡು ಗುಟುಕು ಕುಡಿಸಿದ. ಇಂಥವರಿಗೆ ಏನನ್ನಬೇಕು!

ಇದೆಲ್ಲ ಶುರುವಾದದ್ದು ಅದಕ್ಕೆ ಎರಡು ವರ್ಷದ ಹಿಂದೆ, ರಾಗಿ ತೆನೆ ಬಲಿತ ಕಾಲದಲ್ಲಿ. ಆಗ ಆನೆಗಳು ಕಾಡು ಬಿಟ್ಟು ಹೊಲಕ್ಕೆ ಇಳಿಯುತ್ತವೆ. ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಪಾಳಿಯ ಮೇಲೆ ಕಾಯಬೇಕು. ಒಬ್ಬ ಮಲಗಿದರೆ ಇನ್ನೊಬ್ಬ ಎಚ್ಚರ, ಆನೆ ಕಂಡರೆ ಡಬ್ಬ ಬಡಿದು ಕೂಗಬೇಕು. ಚಳಿಗೊಂದಿಷ್ಟು, ಭಯಕ್ಕೊಂದಿಷ್ಟು ಅಂತ ಸಾರಾಯಿ ಬಾಟಲಿಯೂ ಗಂಡಸರ ಜೊತೆ ಅಟ್ಟಣೆ ಹತ್ತುತ್ತಿತ್ತು. ಅವತ್ತು ಕಾಯಲು ಹೋಗಬೇಕಿದ್ದವನು ಅಂಜಿನಮ್ಮನ ಗಂಡ ರಾಮಕೃಷ್ಣಪ್ಪ. ಅವನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟು. ತನ್ನ ಬದಲಿಗೆ ಮರಿಸ್ವಾಮಿಯನ್ನು ಕಳಿಸಿದ. ಜೊತೆಗೆ ತಿಮ್ಮರಾಯಪ್ಪ ಮತ್ತು ಅವನ ಒಬ್ಬನೇ ಮಗ ಆವುಲಪ್ಪ. ಬೆಂಕಿಗೆ ಸೌದೆ ಹಾಕಲು ಆವುಲಪ್ಪ ಕೆಳಗಿಳಿದಿದ್ದಾಗ ಒಂಟಿ ಸಲಗ ಬಂತು. ಮೇಲಿನಿಂದ ಡಬ್ಬದ ಸದ್ದು ಬರಲಿಲ್ಲ. ಬೆಳಗ್ಗೆ ಊರವರು ಹೆಣವನ್ನು ಕಂಬಳಿಯಲ್ಲಿ ಸುತ್ತಿ ತಂದರು.

ಹಣೆಬರಹ ಅಂದರು, ಮಣ್ಣು ಮಾಡಿದರು. ಅಲ್ಲಿಂದಾಚೆ ಆ ಮನೆಯಲ್ಲಿ ಆವುಲಪ್ಪನ ಹೆಸರನ್ನು ಯಾರೂ ಎತ್ತಲಿಲ್ಲ. ಮರಿಸ್ವಾಮಿ ನಿದ್ದೆಯಿಲ್ಲದೆ ಅಳುತ್ತಿದ್ದರೆ ದೊಡ್ಡಪ್ಪ ಬಂದು ಕುಡಿಸಿ ಮಲಗಿಸುತ್ತಿದ್ದ. ಮಗ ಸತ್ತ ದುಃಖದಲ್ಲಿ ಇವನ ಮೇಲೆ ಅಕ್ಕರೆ ಜಾಸ್ತಿಯಾಗಿದೆ ಅಂತ ಅಂಜಿನಮ್ಮನೂ ನಂಬಿದ್ದಳು, ಪಾಪ.

ಹೊಸೂರಿನ ದಾರಿಯಲ್ಲಿ ಪಾದ್ರಿಗಳು ನಡೆಸುವ ಒಂದು ಸಣ್ಣ ಆಸ್ಪತ್ರೆಯಿತ್ತು. ಗುರುವಾರ ಗುರುವಾರ ಬೆಂಗಳೂರಿನಿಂದ ಮನಸ್ಸಿನ ಕಾಯಿಲೆಗೆ ಔಷಧಿ ಕೊಡುವ ಡಾಕ್ಟರಮ್ಮ ಅಲ್ಲಿಗೆ ಬರುತ್ತಿದ್ದರು. ಅಂಜಿನಮ್ಮ ಮಗನನ್ನು ಸೇರಿಸಿ, ಹಿಂದಿನ ಶೆಡ್ಡಿನಲ್ಲಿ ಒಲೆ ಹೂಡಿ, ಗಂಜಿ ಕಾಯಿಸಿ ಕುಡಿಸಿದಳು. ಹುಡುಗನ ಕೈ ನಡುಕ ನಿಂತಿತು, ಮುಖಕ್ಕೆ ಕಳೆ ಬಂತು. ಊರಿಗೆ ಕರೆದುಕೊಂಡು ಹೋದ ವಾರದೊಳಗೆ ತಿಮ್ಮರಾಯಪ್ಪ ಮತ್ತೆ ಕುಡಿಸಿದ್ದ. ಇನ್ನೊಮ್ಮೆ ಸೇರಿಸಿದಾಗ ಡಾಕ್ಟರಮ್ಮನಿಗೂ ರೇಗಿತು.

"ನಾನು ಇಲ್ಲಿ ಬಿಡಿಸ್ತೀನಿ, ನೀವು ಅಲ್ಲಿ ಕುಡಿಸ್ತೀರಿ. ನಿಮ್ಮ ಮಗನ ಕಾಯಿಲೆ ಬರೀ ಬಾಟಲಿಯದಲ್ಲಮ್ಮ. ಒಳಗೆ ಏನೋ ಇಟ್ಕೊಂಡಿದ್ದಾನೆ, ನನ್ನ ಹತ್ರ ಬಾಯಿ ಬಿಡ್ತಿಲ್ಲ. ಮುಂದಿನ ಗುರುವಾರ ಮನೆಯವರೆಲ್ಲ ಬಂದು ಅವನ ಜೊತೆ ಕೂರಬೇಕು. ಅವನಿಗೆ ಕುಡಿಸೋರು ಮೊದಲು ಬರಬೇಕು. ಇಲ್ಲದಿದ್ರೆ ಈ ಹುಡುಗ ಉಳಿಯಲ್ಲ."

ಅಂಜಿನಮ್ಮ ಮಗನನ್ನು ಆಸ್ಪತ್ರೆಯಲ್ಲೇ ಬಿಟ್ಟು ಊರಿಗೆ ಬಂದು ಗಂಡನಿಗೆ ಹೇಳಿದಳು. ರಾಮಕೃಷ್ಣಪ್ಪ ಸೈಕಲ್ ಒರೆಸುತ್ತಿದ್ದ. "ಕಾಯ್ಲೆ ಅವ್ನಿಗೆ. ನಾನ್ಯಾಕೆ ಬರ್ಬೇಕು? ಲೀವು ಕೊಡಲ್ಲ ಕಣೆ," ಅಂದ.

"ಅವತ್ತೂ ನಿಂಗೆ ಶಿಫ್ಟು, ಇವತ್ತೂ ಶಿಫ್ಟು," ಅಂದಳು ಅಂಜಿನಮ್ಮ. "ಮಗನ ಹೆಣ ಹೊರೋಕಾದ್ರೂ ಲೀವು ಕೊಡ್ತಾರಾ, ಕೇಳ್ಕೊಂಡು ಬಾ ಹೋಗು."

ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವನು ಇಂಥ ಮಾತು ಕೇಳಿರಲಿಲ್ಲ. ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಲೀವು ಕೇಳುತ್ತೀನಿ ಅಂದ.

ತಿಮ್ಮರಾಯಪ್ಪ ಬಗ್ಗುವ ಆಸಾಮಿಯಲ್ಲ. ಹೇಳಿ ಕಳಿಸಿದರೆ, "ನಾನೇನು ಹುಚ್ಚನಾ, ಹುಚ್ಚಾಸ್ಪತ್ರೆಗೆ ಬರೋಕೆ?" ಅಂದ. ಗುರುವಾರ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಮಾಯವಾದ. ಎಲ್ಲಿಗೆ ಹೋಗಿರುತ್ತಾನೆ ಅನ್ನುವುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅಂಜಿನಮ್ಮ ಗಂಡನನ್ನು ಬಸ್ಸಿನ ಹತ್ತಿರ ನಿಲ್ಲಿಸಿ, ಸೆರಗು ಸೊಂಟಕ್ಕೆ ಬಿಗಿದು ನೇರವಾಗಿ ಸಾರಾಯಿ ಅಂಗಡಿಗೆ ನಡೆದಳು.

ಹೆಂಗಸರು ಆ ಅಂಗಡಿಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸಿಕೊಳ್ಳುವ ಕಾಲ ಅದು. ಅಂಜಿನಮ್ಮ ಒಳಗೇ ನುಗ್ಗಿದಳು. ಭಾವ ಕೂತಿದ್ದ ಬೆಂಚಿನ ಮೇಲೆ, ಅವನ ಪಕ್ಕದಲ್ಲೇ, ಕುಕ್ಕರಿಸಿದಳು. ಗಂಡಸರೆಲ್ಲ ಗ್ಲಾಸು ಹಿಡಿದವರು ಹಿಡಿದ ಹಾಗೇ ಕೂತರು. ಅಂಗಡಿಯ ತಮಿಳಿನವನು ಗಾಬರಿಯಾಗಿ, "ಎನ್ನಮ್ಮಾ, ಇಲ್ಲಿಗ್ಯಾಕೆ ಬಂದೆ?" ಅಂದ.

"ಹಾಕಪ್ಪಾ ನಂಗೂ ಒಂದು ಗ್ಲಾಸು. ಹದಿನಾರು ವರ್ಸದ ಹುಡ್ಗಂಗೆ ಆಗ್ತದೆ ಅಂದ್ಮೇಲೆ ನಂಗೇನು ಕಮ್ಮಿ? ಇವ್ರು ಕುಡಿಸ್ತಾರೆ. ಅಕ್ಕರೆಯಿಂದ ಕುಡಿಸ್ತಾರೆ. ಕೇಳಿ ಇವ್ರನ್ನ."

"ಅಂಜಿನಮ್ಮ, ಮರ್ವಾದೆ..." ಅಂದ ತಿಮ್ಮರಾಯಪ್ಪ.

"ಮರ್ವಾದೆ ನಿಂಗೆ ಇದ್ರೆ ಎದ್ದೇಳು ಬಾವ. ನನ್ನ ಮಗ ಸಾಯ್ತಾವ್ನೆ. ನೀನು ಏಳೋವರ್ಗೂ ನಾನು ಇಲ್ಲಿಂದ ಏಳಲ್ಲ. ಬಸ್ಸು ಹೋದ್ರೆ ಹೋಗ್ಲಿ, ಸಂಜೆವರ್ಗೂ ಕೂತಿರ್ತೀನಿ. ಊರೆಲ್ಲ ಬಂದು ನೋಡ್ಲಿ."

ಅವನು ಎದ್ದ. ಏಳದೆ ಏನು ಮಾಡುತ್ತಾನೆ? ದಾರಿಯುದ್ದಕ್ಕೂ ಟವೆಲನ್ನು ತಲೆಗೆ ಹೊದ್ದು ಬಸ್ಸಿನ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಅಂಜಿನಮ್ಮ ಪಕ್ಕದ ಸೀಟಿನಲ್ಲಿ ಕೂತು, ಇವನು ಎಲ್ಲಾದರೂ ಇಳಿದು ಓಡಿಯಾನು ಅಂತ ಕಾವಲಿದ್ದಳು.

ಆಸ್ಪತ್ರೆಯ ರೂಮಿನಲ್ಲಿ ಐದು ಕುರ್ಚಿಗಳನ್ನು ಎದುರು ಬದುರು ಹಾಕಿದ್ದರು. ಡಾಕ್ಟರಮ್ಮ ಯಾರನ್ನೂ ಬೈಯಲಿಲ್ಲ. ಸಾರಾಯಿ ವಿಷಯವನ್ನೂ ಎತ್ತಲಿಲ್ಲ. ಎರಡು ವರ್ಷದ ಹಿಂದಿನ ಸಾವಿನ ವಿಷಯವನ್ನು ಅಂಜಿನಮ್ಮ ಅವರಿಗೆ ಮೊದಲೇ ಹೇಳಿದ್ದಳು. "ಆವುಲಪ್ಪ ಹೇಗೆ ಹೋದ ಅಂತ ಒಬ್ಬೊಬ್ಬರಾಗಿ ಹೇಳಿ," ಅಂದರು.

ರಾಮಕೃಷ್ಣಪ್ಪ ಕೆಮ್ಮಿದ. "ನಾನು ಊರಲ್ಲಿರ್ಲಿಲ್ಲ. ಇವ್ನನ್ನ ಕಳಿಸ್ಬಾರ್ದಿತ್ತು," ಅಂದು ಕಣ್ಣೊರೆಸಿಕೊಂಡ. ಕಣ್ಣೀರು ಈಗ ಬಂತಾ ಇವನಿಗೆ ಅಂದುಕೊಂಡಳು ಅಂಜಿನಮ್ಮ. ತಿಮ್ಮರಾಯಪ್ಪ ತಲೆ ಬಗ್ಗಿಸಿ ಕೂತಿದ್ದ. ಕೊನೆಗೆ ಮರಿಸ್ವಾಮಿಯೇ ಬಾಯಿ ಬಿಟ್ಟ.

"ನನ್ ಪಾಳಿ. ದೊಡ್ಡಪ್ಪ ನನ್ನ ಎಬ್ಬಿಸಿ ಮಲಗ್ತು. ನಾನು ಮತ್ತೆ ನಿದ್ದೆ ಹೋಗ್ಬುಟ್ಟೆ. ಡಬ್ಬ ಬಡೀಲಿಲ್ಲ. ನಾನೇ ಆವುಲಣ್ಣನ್ನ ಸಾಯಿಸ್ದೆ."

"ದೊಡ್ಡಪ್ಪ ಎಬ್ಬಿಸಿದ್ದು ನಿನಗೆ ನೆನಪಿದೆಯಾ?" ಅಂತ ಕೇಳಿದರು ಡಾಕ್ಟರಮ್ಮ.

"ಇಲ್ಲ. ದೊಡ್ಡಪ್ಪ ಹೇಳ್ತು. ಬೆಳಗ್ಗೆ ಹೇಳ್ತು. ಯಾರ್ಗೂ ಹೇಳ್ಬೇಡ, ನಾನೂ ಹೇಳಲ್ಲ ಅಂತು."

ಅಂಜಿನಮ್ಮ ಭಾವನ ಕಡೆ ತಿರುಗಿದಳು. ಅವನ ಮುಖ ನೋಡುತ್ತಿದ್ದಂತೆಯೇ ಅವಳಿಗೆ ಅರ್ಥವಾಯಿತು.

ತಿಮ್ಮರಾಯಪ್ಪ ನೆಲ ನೋಡುತ್ತಲೇ ಹೇಳಿದ. "ಎಬ್ಬಿಸ್ಲಿಲ್ಲ ಕಣ್ಲಾ. ನಿನ್ನ ನಾನು ಎಬ್ಬಿಸ್ಲೇ ಇಲ್ಲ. ನನ್ ಪಾಳೀನೇ ಮುಗ್ದಿರ್ಲಿಲ್ಲ. ಕುಡ್ದು ಮಲಗ್ಬುಟ್ಟಿದ್ದೆ. ಹೆತ್ತ ಮಗನ್ನ ನಾನೇ ಸಾಯಿಸ್ದೆ ಅಂತ ಹೆಂಗ್ ಹೇಳ್ಲಿ?"

ಅಂಜಿನಮ್ಮ ಎದ್ದು ಅವನ ಟವೆಲಿಗೆ ಕೈ ಹಾಕಿ ಕುತ್ತಿಗೆಗೆ ಬಿಗಿದಳು. ಎರಡು ವರ್ಷ! ಬಾವಿಕಟ್ಟೆ ಹತ್ತುವವರೆಗೆ ಬಿಟ್ಟು, ಬಾಯಿ ಬಿಡದಿರಲಿ ಅಂತ ಕುಡಿಸಿ, ಅದನ್ನು ಅಕ್ಕರೆ ಅನ್ನಿಸಿಕೊಂಡ ಈ ಮನುಷ್ಯ! ರಾಮಕೃಷ್ಣಪ್ಪ ಬಿಡಿಸಲು ಬಂದರೆ ಅವನನ್ನು ಮೊಣಕೈಯಿಂದ ತಳ್ಳಿದಳು. ಆಗ ಮರಿಸ್ವಾಮಿ, ಎಳೆಯ ಮಗುವಿನ ದನಿಯಲ್ಲಿ ಕೇಳಿದ.

"ಹಂಗಾದ್ರೆ ನಾನಲ್ವಾ?"

ಇಲ್ಲ ಕಂದ ಅನ್ನಲು ಅವಳು ಬಾಯಿ ತೆರೆದಳು. ಡಾಕ್ಟರಮ್ಮ ಬೇಡ ಅನ್ನುವಂತೆ ಕೈ ಎತ್ತಿದರು. ಹೌದು, ತಾಯಿ ಹೇಳಿದರೆ ಸಮಾಧಾನಕ್ಕೆ ಹೇಳುತ್ತಾಳೆ ಅಂದುಕೊಳ್ಳುತ್ತಾನೆ. ಅಂಜಿನಮ್ಮ ಟವೆಲು ಬಿಡಲಿಲ್ಲ. ಅದನ್ನು ಹಿಡಿದೇ ಭಾವನ ಮುಖವನ್ನು ಮಗನ ಕಡೆಗೆ ಎತ್ತಿದಳು.

"ಕೇಳ್ತಾವ್ನೆ. ಅವ್ನ ಕಣ್ಣು ನೋಡಿ ಹೇಳು."

"ನೀನಲ್ಲ ಕಣ್ಲಾ," ಅಂದ ತಿಮ್ಮರಾಯಪ್ಪ. "ನಾನು."

ಹುಡುಗ ನಂಬಲಾರದೆ ಅವನನ್ನೇ ನೋಡುತ್ತಿದ್ದ.

"ಇನ್ನೊಂದ್ಸಲ ಹೇಳು," ಅಂದಳು ಅಂಜಿನಮ್ಮ.